ಎರವಲು ಗಾಳಿ

ತಿಥಿ ಮುಗಿದು ನೆಂಟರೆಲ್ಲ ಹೋದ ಮರುದಿನ ಬೆಳಿಗ್ಗೆ ನಲ್ಲಿಯಲ್ಲಿ ನೀರು ಬಂತು. ಹಿಡಿದೆ. ಹಾಲಿನವನು ಎಂದಿನಂತೆ ಒಂದು ಲೀಟರ್ ಅಳೆದ. ಅರ್ಧ ಸಾಕು ಎನ್ನಬೇಕಿತ್ತು, ಪೂರ್ತಿ ತೆಗೆದುಕೊಂಡೆ. ದೂರದಲ್ಲಿ ಕಲ್ಲಿನ ಕ್ರಷರ್ ಶುರುವಾಯಿತು. ಚಿನಕುರಳಿಯಲ್ಲಿ ನಮಗೆ ಬೆಳಗಾಗುವುದು ಆ ಸದ್ದಿನಿಂದ. ನನ್ನ ಗಂಡ ನಿಂಗರಾಜು ಅಲ್ಲಿ ಜಲ್ಲಿ ಲಾರಿಗಳ ತೂಕ ನೋಡುವ ಕೆಲಸದಲ್ಲಿದ್ದ. ಇವತ್ತು ಅವನ ಕುರ್ಚಿಯಲ್ಲಿ ಯಾರೋ ಕೂತಿರುತ್ತಾರೆ. ಅವರು ಯಾರೆಂದು ಗೊತ್ತಿಲ್ಲದಿದ್ದರೂ ಹೊಟ್ಟೆ ಉರಿಯಿತು.

ಮಲಗುವ ಕೋಣೆಯಲ್ಲಿ ಏರ್ ಪ್ಯೂರಿಫೈಯರ್ ಓಡುತ್ತಲೇ ಇತ್ತು. ಅವನು ಹೋದದ್ದು ಅದೇ ಕೋಣೆಯಲ್ಲಿ, ನಿದ್ದೆಯಲ್ಲಿ. ಅವನಿದ್ದ ಜಾಗದಲ್ಲಿ ಅತ್ತೆ ಬೆಟ್ಟಮ್ಮ ದೀಪ ಇಟ್ಟು, ಮಷೀನಿನ ಗಾಳಿಗೆ ಆರದಿರಲೆಂದು ಸುತ್ತ ಇಟ್ಟಿಗೆ ನಿಲ್ಲಿಸಿದ್ದರು. ಮಷೀನು ಬಂದ್ ಮಾಡಿ ಎಂದು ಯಾರೂ ಹೇಳಲಿಲ್ಲ. ಅದಕ್ಕೆ ಕಾರಣವಿತ್ತು.

ಅವನು ಹೋದ ಮೇಲಿನ ಮೊದಲ ಸಂಜೆ ಅತ್ತೆ ದೀಪದ ಮುಂದೆ ಸಾಂಬ್ರಾಣಿ ಹೊಗೆ ಹಾಕಿದರು. ಅಲ್ಲಿಯವರೆಗೆ ಮೆತ್ತಗಿದ್ದ ಮಷೀನು ಒಮ್ಮೆಲೇ ಭರ್ರೆಂದಿತು.

"ಬಂದವ್ನೆ ಕಣ್ರವ್ವಾ ನಿಂಗ! ಹೊಗೆ ಕೊಟ್ಟೇಟ್ಗೆ ಉಸ್ರು ಬುಡ್ತಾವ್ನೆ," ಎಂದು ಅತ್ತೆ ಅಲ್ಲೇ ಕುಸಿದು ಕೂತರು.

ಕೆ.ಆರ್. ಪೇಟೆಯಿಂದ ಬಂದಿದ್ದ ನಾದಿನಿ ಸುನಿತಾ ಕಣ್ಣೊರೆಸಿಕೊಳ್ಳುತ್ತಲೇ ನನ್ನ ಕಡೆ ನೋಡಿದಳು. "ಅವ್ವ ಕರುದ್ರೇ ಬರೋದು ಅಣ್ಣ. ಎಂಡ್ರು ಹತ್ತು ದಪ ಕೂಗುದ್ರೂ ತಿರುಗಿ ನೋಡ್ತಿರ್ನಿಲ್ಲ."

ನಾನು ರಸಾಯನಶಾಸ್ತ್ರದಲ್ಲಿ ಎಂಎಸ್ಸಿ ಮಾಡಿದವಳು. ಹೊಗೆ ಕಂಡರೆ ಸೆನ್ಸರ್ ಫ್ಯಾನಿನ ವೇಗ ಏರಿಸುತ್ತದೆ ಎಂದು ಹೇಳಬಹುದಿತ್ತು. ತಿಥಿಯವರೆಗೆ ಪ್ರತಿ ಸಂಜೆ ಅವರು ಹೊಗೆ ಹಾಕಿದರು, ಅದು ಉಸಿರಾಡಿತು, ಅವರು ಮಗನ ಜೊತೆ ಮಾತಾಡಿದರು. ನಾನು ಬಾಗಿಲಲ್ಲಿ ನಿಂತು ಕೇಳಿದೆ. ಸೆನ್ಸರ್ ಎಂದು ಗೊತ್ತಿದ್ದವಳಿಗೂ ಅವನು ಅವರಿಗೇ ಉತ್ತರ ಕೊಡುತ್ತಿದ್ದಾನೆ ಅನ್ನಿಸಿತು.

ಆ ಮಷೀನು ನಾನು ಆರಿಸಿದ್ದಲ್ಲ. ದಸರಾಕ್ಕೆ ಮುಂಚೆ, ಅವನ ಕೆಮ್ಮು ದೂಳಿನ ಅಲರ್ಜಿ ಎಂದು ಅವನು ಹೇಳಿ ನಾನು ನಂಬಿದ್ದಾಗ, ಒಂದು ಕೊಳ್ಳೋಣವೆಂದು ನಾನೇ ಹೊರಟಿದ್ದೆ. ಟೇಪು ಹಿಡಿದು ಕೋಣೆ ಅಳೆದೆ. ಹತ್ತಕ್ಕೆ ಒಂಬತ್ತು ಅಡಿ. ಅಷ್ಟರೊಳಗಿನ ಗಾಳಿಯನ್ನು ಗಂಟೆಗೆ ಐದಾರು ಸಲ ಸೋಸುವ ಶಕ್ತಿ ಬೇಕು, ರಾತ್ರಿ ಸದ್ದು ಮಾಡಬಾರದು, ಓಝೋನ್ ಬಿಡುವಂಥದ್ದು ಬೇಡವೇ ಬೇಡ, ಫಿಲ್ಟರ್ ಪಾಂಡವಪುರದವರೆಗೆ ಕೊರಿಯರ್‌ನಲ್ಲಾದರೂ ಬರಬೇಕು. ಕೊನೆಗೆ ಎರಡು ಉಳಿದವು. ಅವುಗಳಲ್ಲಿ ಯಾವುದೆಂದು ನಾನಿನ್ನೂ ಯೋಚಿಸುತ್ತಿದ್ದಾಗ ಅವನು ಒಂದು ಸಂಜೆ ಬೈಕಿನ ಹಿಂದೆ ಇದನ್ನು ಕಟ್ಟಿಕೊಂಡು ಬಂದ. ಹಾಲ್‌ಗೆ ಇಡುವಂಥ ದೊಡ್ಡದು. ಪಕ್ಕದಲ್ಲಿ ಗೀರು.

"ಆಫರಲ್ಲಿ ಸಿಕ್ತು ಕಣೆ," ಎಂದ.

ಎರಡು ದಿನ ಮಾತು ಬಿಟ್ಟೆ. ಆರಿಸುವುದನ್ನೂ ಬಿಟ್ಟೆ.

ಈಗ ಅದರ ಫಿಲ್ಟರ್ ಬದಲಿಸು ಎನ್ನುವ ದೀಪ ಕೆಂಪಾಗಿತ್ತು. ಹೊಸ ಫಿಲ್ಟರ್‌ಗೆ ನಾನೇ ಆರ್ಡರ್ ಮಾಡಿದ್ದೆ. ಅವನು ಸತ್ತ ಮೇಲೆ ಕೊರಿಯರ್ ಬಂದಿತ್ತು. ಮಾಡಲು ಬೇರೆ ಕೆಲಸವಿರಲಿಲ್ಲ. ಹಿಂದಿನ ಮುಚ್ಚಳ ಬಿಚ್ಚಿದೆ. ಒಳಗಿನ ಬಿಳಿ ಮಡಿಕೆಗಳು ಅವನ ಅಂಗಿಯ ಕಾಲರಿನ ಹಾಗೆ ಬೂದಾಗಿದ್ದವು. ಹೊರಗಿನ ಜಾಲರಿಯ ಮೂಲೆಯಲ್ಲಿ ಕೂದಲು ಸುತ್ತಿಕೊಂಡಿತ್ತು. ಬಿಡಿಸಿದೆ. ಉದ್ದದ ಕೂದಲು, ಕೆಂಪು, ಮೆಹಂದಿಯದು.

ನನ್ನದು ಕಪ್ಪು, ಹೆಗಲಿಗೂ ಬರುವುದಿಲ್ಲ. ಅತ್ತೆಯದು ಬಿಳಿ.

ಆ ಕೂದಲನ್ನು ಬೆರಳಿಗೆ ಸುತ್ತಿಕೊಂಡು ಎಷ್ಟು ಹೊತ್ತು ಕೂತಿದ್ದೆನೋ. ಅವನ ಫೋನು ಹೊಡೆದುಕೊಂಡಿತು. ಪರದೆಯ ಮೇಲೆ 'ಪರ್ವೀನ್' ಎಂದಿತ್ತು.

"ರಾಜು ಇದ್ದಾರಾ?" ತಗ್ಗಿದ, ಒರಟಾದ ಹೆಂಗಸಿನ ದನಿ.

ಊರಿಗೆಲ್ಲ ಅವನು ನಿಂಗ. ರಾಜು ಎನ್ನುತ್ತಿದ್ದವಳು ನಾನೊಬ್ಬಳೇ ಎಂದುಕೊಂಡಿದ್ದೆ.

"ಏನಾಗ್ಬೇಕಿತ್ತು?"

"ಮಷೀನು ಬೇಕಿತ್ತಮ್ಮ. ಗಾಳೀದು. ದಸರಾ ಆದ್ಮೇಲೆ ನಮ್ಮನೆಯಿಂದ ತಗೊಂಡು ಹೋಗಿದ್ರಲ್ಲ."

"ತಂದು ಕೊಡ್ತೀನಿ. ಮನೆ ಎಲ್ಲಿ?"

ಶ್ರೀರಂಗಪಟ್ಟಣ, ಗಂಜಾಂ ರಸ್ತೆ, ಹಾಸಿಗೆ ಅಂಗಡಿಯ ಹಿಂದೆ. ಅವನು ಸತ್ತದ್ದನ್ನು ಹೇಳಲಿಲ್ಲ. ಅದೊಂದಾದರೂ ನನ್ನದಾಗಿಯೇ ಇರಲಿ ಅನ್ನಿಸಿತು.

ಹೊಸ ಫಿಲ್ಟರ್ ಹಾಕಿದೆ. ಹಳೆಯದನ್ನು ಬೀರುವಿನಲ್ಲಿಟ್ಟೆ. ಆ ದೂಳು ಅವಳಿಗೆ ಯಾಕೆ?

ಪ್ಲಗ್ ಕಿತ್ತದ್ದು ಕೇಳಿ ಅತ್ತೆ ಓಡಿ ಬಂದರು. "ಎತ್ತಾಗ್ ತಕ್ಕೊಂಡೋಯ್ತೀಯವ್ವಾ? ಬ್ಯಾಡ, ಇರ್ಲಿ ಬುಡು. ಸಂದೇಲಿ ಮಾತಾಡುಸ್ತೀನಿ ಅವನ್ನ."

"ಅದು ನಮ್ದಲ್ಲ ಅತ್ತೆ. ಎರವಲು ತಂದಿದ್ದಂತೆ."

ಅವರು ಮಷೀನಿನ ತಲೆಯ ಮೇಲೆ ಕೈಯಿಟ್ಟು ನಿಂತರು. "ಕಂಡೋರ ಸಾಮಾನು ಮನೇಲಿದ್ರೆ ಅವನು ತಿರುಗ್ ತಿರುಗ್ ನೋಡ್ತಾನೆ, ಮುಂದುಕ್ಕೋಗಾಕಿಲ್ಲ," ಎಂದರು. "ತಡಿ ಕಣವ್ವಾ ಸಸಿ."

ಕೆಂಡ ತಂದು ಕೊನೆಯ ಸಲ ಹೊಗೆ ಹಾಕಿದರು. ನಾನು ಪ್ಲಗ್ ಸಿಕ್ಕಿಸಿದೆ. ಭರ್ರೆಂದಿತು.

"ಓಗ್ಬಾ ಮಗ. ಎಂಡ್ರು ಬುಟ್ಬತ್ತಾಳೆ."

ಅವನ ಪಂಚೆಯಲ್ಲಿ ಸುತ್ತಿ ಬಸ್ಸು ಹತ್ತಿದೆ. ಕಂಡಕ್ಟರು ನನ್ನ ತೊಡೆಯ ಮೇಲಿನ ಗಂಟು ನೋಡಿ, "ಮಗಾ ಬೋ ದಪ್ಪ ಐತೆ ಕಣಕ್ಕಾ, ಅರ್ಧ ಟಿಕೀಟಾದ್ರೂ ತಗೋ," ಎಂದ. ಯಾರೋ ನಕ್ಕರು. ದಾರಿಯುದ್ದಕ್ಕೂ ಅವಳಿಗೆ ಒಂದು ಮುಖ ಹುಡುಕುತ್ತಿದ್ದೆ. ನನಗಿಂತ ಬೆಳ್ಳಗೆ, ನನಗಿಂತ ಮೆತ್ತಗೆ, ಅವನನ್ನು ಆಗಾಗ ನಗಿಸುವವಳು.

ಬಾಗಿಲು ತೆಗೆದವರಿಗೆ ಅರವತ್ತು ದಾಟಿತ್ತು. ಸೆರಗಿನಿಂದ ಹೊರಬಂದಿದ್ದ ಜಡೆ ಮೆಹಂದಿ ಕೆಂಪು, ಬುಡದಲ್ಲಿ ಬಿಳಿ. ಒಳಗೆ ಮಂಚದ ಮೇಲೆ ದಿಂಬುಗಳಿಗೆ ಒರಗಿ ಅವರ ಗಂಡ ಪೀರ್ ಅಹಮದ್ ಕೂತಿದ್ದರು. ಜೀವಮಾನವೆಲ್ಲ ಹತ್ತಿ ಹಿಂಜಿದವರ ಎದೆಯ ಗೊರಗೊರ ಸದ್ದು ಬಾಗಿಲಿನವರೆಗೆ ಕೇಳುತ್ತಿತ್ತು.

"ಯಾರು, ಪರ್ವೀನ್?"

"ರಾಜು ಮನೆಯವ್ರು. ನೀವು ಮಾತಾಡ್ಬೇಡಿ, ಮೊದಲು ನೀರು ಕುಡೀರಿ. ಎಷ್ಟು ಸಲ ಹೇಳ್ಬೇಕು ಈ ಮುದುಕನಿಗೆ!"

ಲೋಟ ಅವರ ಬಾಯಿಗೆ ಹಿಡಿದು, ಇನ್ನೊಂದು ಕೈಯಲ್ಲಿ ಬೆನ್ನು ತಿಕ್ಕಿದರು. ಆಕೆಗೆ ಬೈಯಲು ಇನ್ನೂ ಗಂಡನಿದ್ದ. ನನ್ನ ಹೊಟ್ಟೆಕಿಚ್ಚು ತಣಿಯಲಿಲ್ಲ. ಬಸ್ಸಿನಲ್ಲಿದ್ದುದಕ್ಕಿಂತ ಹೆಚ್ಚಾಯಿತು.

ಅವನು ಹೋದದ್ದನ್ನು ಆಗ ಹೇಳಿದೆ. ಪರ್ವೀನ್ ಕೆನ್ನೆಗೆ ಕೈಯಿಟ್ಟು, "ಯಾ ಅಲ್ಲಾ," ಎಂದು ನೆಲದ ಮೇಲೆ ಕೂತರು. ಪೀರ್ ಅಹಮದ್ ಕಣ್ಣು ಮುಚ್ಚಿಕೊಂಡು ತುಟಿ ಅಲ್ಲಾಡಿಸುತ್ತ ಉಳಿದರು.

ನಾನು ಕುರ್ಚಿಯಲ್ಲಿ ಮಷೀನನ್ನು ತೊಡೆಯ ಮೇಲಿಟ್ಟುಕೊಂಡೇ ಇದ್ದೆ. ಬಿಡಲು ಕೈ ಬರಲಿಲ್ಲ. ಇದು ಇಲ್ಲಿ ಓಡುತ್ತದೆ. ಈ ಮುದುಕ ಉಸಿರಾಡುತ್ತಾರೆ. ಈಕೆ ಕೇಳಿಸಿಕೊಂಡು ಮಲಗುತ್ತಾರೆ.

"ನಿಮಗೆ ಅವನು ಹೇಗೆ ಗೊತ್ತು?"

"ಎದೆ ಡಾಕ್ಟರ ಹತ್ರ ಲೈನಲ್ಲಿ ಸಿಗ್ತಿದ್ರು, ಬೇಟಿ. ತುಂಬ ಕೆಮ್ಮೋರು. ಕೂತ್ಕೊಳ್ಳೋಕೂ ಆಗ್ತಿರಲಿಲ್ಲ. ನಾಮ್ ಏನು ಅಂದ್ರೆ, ನಿಂಗರಾಜು, ಮನೇಲಿ ರಾಜು ಅಂತಾರೆ ಅಂದ್ರು. ಬೇಗ ಒಂದು ಮಷೀನು ತಗೋ ಅಂತ ಇವ್ರು ಬೈದ್ರು. ಆಗ ಇವ್ರು ಸುಧಾರಿಸ್ಕೊಂಡಿದ್ರು, ಅದಕ್ಕೇ ನಮ್ಮದನ್ನೇ ಕೊಟ್ಟು ಕಳಿಸಿದ್ವಿ. ಹೆಂಡ್ತಿಗೆ ಹೇಳ್ಬೇಡಿ, ಹೆದರ್ಕೋತಾಳೆ ಅಂದಿದ್ರು."

ಅವನು ನನ್ನ ಮುಂದೆ ಕೆಮ್ಮನ್ನು ನುಂಗುತ್ತಿದ್ದ. ಇವರ ಮುಂದೆ ಬಿಟ್ಟಿದ್ದ.

"ಬೇಗ ತಗೋ ಅಂದಾಗ ಏನಂದ?"

ಪರ್ವೀನ್ ಮೂಗು ಒರೆಸಿಕೊಂಡರು. "ಏನಂದ್ರು ಅಂದ್ರೆ, 'ನನ್ನ ಹೆಂಡ್ತಿ ಆರಿಸ್ತಾವ್ಳೆ ಸಾಯ್ಬರೇ. ಎಮ್ಮೆಸ್ಸಿ ಅವಳು. ರೂಮಿನ ಗಾಳೀನೇ ಅಳೆದವ್ಳೆ. ಅವಸರ ಮಾಡ್ಬಾರ್ದು. ಅವಳು ಆರಿಸಿದ್ಮೇಲೆ ಅದಕ್ಕಿಂತ ಒಳ್ಳೇದು ಜಿಲ್ಲೇಲೇ ಇರಾಕಿಲ್ಲ' ಅಂತ. ಲೈನಲ್ಲಿ ಇದ್ದೋರಿಗೆಲ್ಲ ಹೇಳೋರು. ಎಲ್ಲಾ ನಗೋರು."

ಆ ಸಾಲಿನಲ್ಲಿ ಕೂತಿದ್ದವರೆಲ್ಲ ಕೇಳಿದ್ದಾರೆ. ನಾನು ಕೇಳಿಲ್ಲ.

"ಇನ್ನೊಂದು ಸಲ ಹೇಳಿ."

"ಏನು ಬೇಟಿ?"

"ಅವನು ಹೇಳಿದ್ದು. ಅವನು ಹೇಳಿದ ಹಾಗೇ."

ಅವರು ಇನ್ನೊಂದು ಸಲ ಹೇಳಿದರು. ಎಮ್ಮೆಸ್ಸಿ ಎನ್ನುವಾಗ ಅವನ ಹಾಗೆಯೇ ತಲೆ ಸ್ವಲ್ಪ ಮೇಲಕ್ಕೆತ್ತಿದರು.

ನಾನು ಪಂಚೆ ಬಿಚ್ಚಿ ಮಡಿಸಿ ಹೆಗಲಿಗೆ ಹಾಕಿಕೊಂಡೆ. ಮಷೀನನ್ನು ಮಂಚದ ಪಕ್ಕ ಇಟ್ಟು, ಹಿಂದಿನಿಂದ ಗಾಳಿ ಒಳಗೆ ಹೋಗಲೆಂದು ಗೋಡೆಗೆ ತಾಗದ ಹಾಗೆ ಒಂದು ಗೇಣು ಮುಂದಕ್ಕೆ ಎಳೆದೆ.