ಸೈಕಲ್ ನೂಕುವ ಗುರುಸಿದ್ದಪ್ಪ

ಗುರುಸಿದ್ದಪ್ಪನಿಗೆ ಒಂದು ಸೈಕಲ್ ಇತ್ತು, ಆದರೆ ಅದರ ಮೇಲೆ ಅವನು ಕೂತದ್ದನ್ನು ಇಡೀ ನಾಸಿಕದಲ್ಲಿ ಕಂಡವರು ಯಾರೂ ಇರಲಿಲ್ಲ. ಭದ್ರಕಾಳಿಯ ಓಣಿಯಲ್ಲಿದ್ದ ತನ್ನ ಖೋಲಿಯಿಂದ ಹೊರಟು, ರವಿವಾರ ಕಾರಂಜಾ ಹಾದು, ಗೋದಾವರಿಯ ಸೇತುವೆ ದಾಟಿ, ಓಝರಿನ ವಿಮಾನ ಕಾರ್ಖಾನೆಯ ಬಸ್ಸು ಬರುವ ಪಂಚವಟಿಯ ತಿರುವಿನವರೆಗೆ ಅವನು ಅದನ್ನು ದಿನವೂ ನೂಕಿಕೊಂಡು ಹೋಗುತ್ತಿದ್ದ. ಸಂಜೆ ಹಾಗೆಯೇ ನೂಕಿಕೊಂಡು ಮರಳುತ್ತಿದ್ದ. ಎಡಗೈ ಹ್ಯಾಂಡಲ್ಲಿನ ಮೇಲಿರುತ್ತಿತ್ತು. ಬಲಗೈ ಮಾತ್ರ ಸೀಟನ್ನೂ ಹಿಡಿಯದೆ, ಅಡ್ಡಕಂಬಿಯನ್ನೂ ಹಿಡಿಯದೆ, ನಡುವಿನ ಬರಿಗಾಳಿಯಲ್ಲಿ, ಏನೋ ಬಿದ್ದೀತೆಂದು ತಡೆಯಲು ಸಿದ್ಧವಾದಂತೆ ಅರ್ಧ ಬಾಗಿ ನಿಂತಿರುತ್ತಿತ್ತು.

ಕಾರಂಜಾದ ಮೂಲೆಯಲ್ಲಿ ಹೋಟೆಲು ನಡೆಸುತ್ತಿದ್ದ ಕುಂದಾಪುರದ ಕಡೆಯ ಹರಿದಾಸನಿಗೆ ಇದು ಬೆಳಗಿನ ವಿನೋದ. "ಎಂತ ಮಾರಾಯ್ರೆ, ಎಮ್ಮೆ ಹೊಡ್ಕೊಂಡು ಹೋದ ಹಾಗೆ ಹೋಗ್ತೀರಲ್ಲ! ಒಂದು ದಿನ ಆದ್ರೂ ಹತ್ತಿ ನೋಡಿ, ಅದು ಒದೆಯುದಿಲ್ಲ."

"ಓಣ್ಯಾಗ ಗರ್ದಿ ಭಾಳರಿ," ಎನ್ನುತ್ತಿದ್ದ ಗುರುಸಿದ್ದಪ್ಪ. ಸೇತುವೆಯ ಮೇಲೆ ಒಂದು ನಾಯಿಯೂ ಇಲ್ಲದ ಮುಂಜಾವಿನಲ್ಲೂ ಅವನ ಉತ್ತರ ಇದೇ. ಅವನಿಗೆ ಸೈಕಲ್ ಹೊಡೆಯಲು ಬರುವುದಿಲ್ಲವೆಂದು ಹರಿದಾಸನಲ್ಲಿ ಬೆಳಗಿನ ಚಹಾಕ್ಕೆ ಕೂಡುತ್ತಿದ್ದ ನಾವೆಲ್ಲ ತೀರ್ಮಾನಿಸಿದ್ದೆವು.

ಕಾರ್ಖಾನೆಯಲ್ಲಿ ಅವನದು ಪೆಟ್ಟಿಗೆ ಕಟ್ಟುವ ಕೆಲಸ. ಸೂಕ್ಷ್ಮವಾದ ಭಾಗಗಳನ್ನು ಮೇಣದ ಕಾಗದದಲ್ಲಿ ಸುತ್ತಿ, ಮರದ ಪೆಟ್ಟಿಗೆಯೊಳಗೆ ಹುಲ್ಲಿನ ನಡುವೆ ಮಲಗಿಸಿ, ಮುಚ್ಚಳ ಬಿಗಿದು, ಉಕ್ಕಿನ ಪಟ್ಟಿ ಎಳೆದು, ಸೀಸದ ಸೀಲು ಒತ್ತುವ ಕೆಲಸ. ಆ ಕಸುಬು ಅವನ ಮೈಗೆಲ್ಲ ಹತ್ತಿಕೊಂಡಿತ್ತು. ಚಳಿಗಾಲ ಬೇಸಿಗೆಯೆನ್ನದೆ ತೊಡುತ್ತಿದ್ದ ಖಾಕಿ ಕೋಟಿನ ಜೇಬುಗಳಲ್ಲಿ ಸದಾ ತಿರುಪುಮೊಳೆಗಳಿರುತ್ತಿದ್ದವು, ಆದರೆ ಅವು ಸದ್ದು ಮಾಡುತ್ತಿರಲಿಲ್ಲ. ಜೇಬಿಗೆ ಅರಿವೆಯ ತುಂಡು ತುರುಕಿ ಅವನ್ನೂ ಸುಮ್ಮನಾಗಿಸಿದ್ದ. ಬೆಂಕಿಪೆಟ್ಟಿಗೆ ಕೊಟ್ಟರೆ ಮೊದಲು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸುವುದು, ಹೋಟೆಲಿನ ಮೇಜಿನ ಕಾಲು ಕುಂಟಿದರೆ ಚಹಾ ಆರಿದರೂ ಚಿಂತೆಯಿಲ್ಲದೆ ಕೆಳಗೆ ಬಗ್ಗಿ ಚಕ್ಕೆ ಸಿಕ್ಕಿಸುವುದು, ಆಮೇಲೆ ಎದ್ದು, ಯಾರೂ ಕೇಳದಿದ್ದರೂ, "ಅಲುಗಾಡಬಾರ್ದ್ರಿ," ಎನ್ನುವುದು. ಅವನ ಇನ್ನೊಂದು ನೇಮ ಇದಕ್ಕಿಂತ ಕಠಿಣ: ಸೀಲು ಬಿದ್ದ ಪೆಟ್ಟಿಗೆಯನ್ನು ಕಟ್ಟಿದವನು ತೆರೆಯಕೂಡದು, ತೆರೆಯುವ ಹಕ್ಕು ಯಾರಿಗೆ ಕಳಿಸಿದೆಯೋ ಅವರದು.

ಅವನಿಗೆ ತನ್ನವಳೆಂದು ಇದ್ದವಳು ತಂಗಿ ವನಜಾ ಒಬ್ಬಳೇ. ಗದಗಿನ ಕಡೆಯಿಂದ, ತಾಯಿತಂದೆ ತೀರಿದ ಮೇಲೆ, ಆ ಪುಟ್ಟ ಹುಡುಗಿಯನ್ನು ಕಟ್ಟಿಕೊಂಡು ಔರಂಗಾಬಾದಿಗೆ ಬಂದಿದ್ದ. ಗುಲ್‌ಮಂಡಿ ಪೇಟೆಯಲ್ಲಿ ಹಿಮ್ರೂ ಶಾಲುಗಳ ವ್ಯಾಪಾರಿಯೊಬ್ಬನಲ್ಲಿ ಪೆಟ್ಟಿಗೆ ಮಾಡುತ್ತ, ಅಲ್ಲೇ ಅವಳನ್ನು ಬೆಳೆಸಿ, ಓದಿಸಿ, ಆಫ್ರಿಕಾದ ದಾರೆಸ್ಸಲಾಮಿನ ಬಂದರು ಕಚೇರಿಯಲ್ಲಿದ್ದ ಹುಬ್ಬಳ್ಳಿಯ ವರನಿಗೆ ಕೊಟ್ಟು ಮದುವೆ ಮಾಡಿದ. ತಾನು ಮದುವೆಯಾಗುವ ವಯಸ್ಸು ಈ ನಡುವೆ ಎಲ್ಲೋ ಹಾದುಹೋಯಿತು. ಅವಳು ಹಡಗು ಹತ್ತಿದ ಮೇಲೆ ಔರಂಗಾಬಾದಿನ ಮನೆ ಅವನಿಗೆ ಒಗ್ಗಲಿಲ್ಲ. ಓಝರಿನಲ್ಲಿ ಕಾರ್ಖಾನೆ ಶುರುವಾದದ್ದೇ ತಡ, ಸೈಕಲ್ ನೂಕಿಕೊಂಡು ನಾಸಿಕಕ್ಕೆ ಬಂದ. ಬಸ್ಸಿನ ಮೇಲೆ ಹೇರಿಸಿಯೇ ತಂದಿರಬೇಕು. ಆದರೆ ಅವನ ವಿಷಯದಲ್ಲಿ ಆಣೆ ಮಾಡಿ ಹೇಳಲಾರೆ.

ವನಜಾ ಕರೆಯುತ್ತಲೇ ಇದ್ದಳು. ಇಲ್ಲೇ ಬಂದುಬಿಡು ಅಣ್ಣಾ, ಬಂದರಿನಲ್ಲಿ ಬಡಗಿಗಳಿಗೆ ಕೆಲಸ ಬೇಕಾದಷ್ಟಿದೆ, ನನ್ನ ಮಗಳಿಗೂ ಮಾವ ಎನ್ನುವವನೊಬ್ಬ ಬೇಡವೇ ಎಂದು. ಅರವತ್ತೊಂಬತ್ತರ ಬೇಸಿಗೆಯಲ್ಲಿ ಅವನು ಕೊನೆಗೂ ಹೂಂ ಅಂದ. ಮಾರನೆಯ ದಿನವೇ ಹಲಗೆ ತಂದು ಸೈಕಲ್ಲಿಗೆ ಪೆಟ್ಟಿಗೆ ಮಾಡಲು ಕೂತ.

"ಅಲ್ಲಿ ಸೈಕಲ್ ಸಿಗುದಿಲ್ವಾ ಮಾರಾಯ್ರೆ? ಈ ಕಬ್ಬಿಣಕ್ಕೂ ಸಮುದ್ರ ದಾಟಿಸ್ಬೇಕಾ?" ಎಂದ ಹರಿದಾಸ.

"ಅಲ್ಲೆ ಮನಷ್ಯಾರೂ ಸಿಗ್ತಾರ್ರಿ. ಆದ್ರೂ ಆಕಿ ನನ್ನ ಯಾಕ ಕರದಾಳ?"

ಹರಿದಾಸ ಆ ದಿನದ ಚಹಾಕ್ಕೆ ದುಡ್ಡು ತೆಗೆದುಕೊಳ್ಳಲಿಲ್ಲ. ಅವನ ಮಟ್ಟಿಗೆ ಅದು ದೊಡ್ಡ ಮಾತು.

ಆ ಕಟ್ಟುವಿಕೆಯನ್ನು ನೋಡಬೇಕಿತ್ತು. ಪೆಡಲುಗಳನ್ನು ಬಿಚ್ಚಿದ, ಹ್ಯಾಂಡಲನ್ನು ಚೌಕಟ್ಟಿಗೆ ಸಮನಾಗಿ ತಿರುಗಿಸಿದ, ಹಡಗಿನ ಹೊಟ್ಟೆಯ ಸೆಖೆಗೆ ಉಬ್ಬಬಾರದೆಂದು ಟೈರುಗಳ ಗಾಳಿ ಇಳಿಸಿದ. ಮುಂದಿನ ಚಕ್ರ ತೆಗೆದ ಮೇಲೆ, ಬರಿದಾದ ಎರಡು ಕಾಲುಗಳು ಅಮುಕಿಹೋಗದಂತೆ ನಡುವೆ ಮರದ ತುಂಡು ಕೆತ್ತಿ ಇಟ್ಟ. ಸರಪಳಿಗೆ ಗ್ರೀಸು ಬಳಿದು ಮೇಣದ ಕಾಗದ ಸುತ್ತಿದ, ಚೌಕಟ್ಟಿಗೆ ಹಳೆಯ ಧೋತರದ ಪಟ್ಟಿಗಳನ್ನು, ಗಾಯಕ್ಕೆ ಸುತ್ತುವಷ್ಟು ಮೃದುವಾಗಿ. ಒಂದು ವಸ್ತುವನ್ನು ಮಾತ್ರ ಬಾಗಿಲು ಹಾಕಿಕೊಂಡು ಪೆಟ್ಟಿಗೆಯೊಳಗಿಟ್ಟ. ಅದೇನೆಂದು ಯಾರಿಗೂ ತೋರಿಸಲಿಲ್ಲ. ಕಡೆಗೆ ಹರಿದಾಸನ ಹೋಟೆಲಿನ ಒಲೆಯ ಮೂಲೆಯಲ್ಲಿ ಸೀಸ ಕರಗಿಸಲು ನಿಂತಾಗ ದೊಡ್ಡ ರಂಪವೇ ಆಯಿತು. "ಸಾಂಬಾರಿನ ಪಕ್ಕದಲ್ಲಿ ಎಂತ ವಿಷ ಕಾಯಿಸ್ತಾ ಇದ್ದೀರಿ! ಗಿರಾಕಿಗಳು ಸತ್ರೆ ನೀವು ಆಫ್ರಿಕಾದಲ್ಲಿ ಇರ್ತೀರಿ, ಜೈಲಿಗೆ ಹೋಗುದು ನಾನು!" ರಂಪದ ನಡುವೆಯೇ ಸೀಲು ಬಿತ್ತು.

ಸೀಲು ಬಿದ್ದ ಮೇಲೆ ಆ ದೇಶದ ಪರವಾನಗಿ ತಡವಾಯಿತು. ಮಳೆಗಾಲ ಕಳೆದರೂ ಬರಲಿಲ್ಲ. ಪೆಟ್ಟಿಗೆ ಖೋಲಿಯ ಅರ್ಧ ಜಾಗ ನುಂಗಿ ಕೂತಿತು. ಗುರುಸಿದ್ದಪ್ಪ ಅದರ ಪಕ್ಕಕ್ಕೆ ಒತ್ತಿಕೊಂಡು ಮಲಗುತ್ತಿದ್ದ, ಅದರ ಮೇಲೆ ರೊಟ್ಟಿ ಇಟ್ಟುಕೊಂಡು ಉಣ್ಣುತ್ತಿದ್ದ. ಅಲ್ಲಿಯವರೆಗೆ ತೆಗೆದು ಬಳಸಿ ಎಂದರೆ, "ಕಟ್ಟಿದ್ದ ತಗ್ಯಾಂಗಿಲ್ರಿ," ಎಂಬ ಒಂದೇ ಮಾತು. ಬರಿಗೈಯಲ್ಲಿ ನಡೆದು ಹೋಗುತ್ತಿದ್ದ. ನಿಜವಾಗಿ ಬರಿಗೈಯಲ್ಲ: ಬಲಕ್ಕೆ ಒಂದು ಸೈಕಲ್ಲಿನಷ್ಟು ಜಾಗ ಬಿಟ್ಟು, ಕೈಯನ್ನು ಹಾಗೆಯೇ ಅರ್ಧ ಬಾಗಿಸಿ ನಡೆಯುತ್ತಿದ್ದ. ಜೊತೆಗೆ ಹೆಜ್ಜೆ ಹಾಕುವವರು ಆ ಖಾಲಿ ಜಾಗದ ಆಚೆಗೆ ನಡೆಯಬೇಕಾಗುತ್ತಿತ್ತು. ಕ್ರಮೇಣ ಜೊತೆಗೆ ನಡೆಯುವವರೂ ಕಡಿಮೆಯಾದರು.

ಪರವಾನಗಿ ಬಂತು. ಕಾರ್ಖಾನೆಯಲ್ಲಿ ಉದ್ದನೆಯ ರಜೆ ಹಾಕಿ, ಹಾರ ಹಾಕಿಸಿಕೊಂಡು, ಪೆಟ್ಟಿಗೆಯೊಂದಿಗೆ ಮುಂಬಯಿಯ ರೈಲು ಹತ್ತಿದ. ಹಡಗುಕಟ್ಟೆಯ ದೊಡ್ಡ ಶೆಡ್ಡಿನಲ್ಲಿ ಸುಂಕದ ಅಧಿಕಾರಿ ಪೆಟ್ಟಿಗೆ ತಟ್ಟಿ, "ಉಘಡಾ," ಅಂದ. ತೆಗೆಯಿರಿ ಎಂಬ ಆ ಮಾತು ಗುರುಸಿದ್ದಪ್ಪನಿಗೆ ಕೇಳಿಸಿತು, ತಲೆಗೆ ಇಳಿಯಲಿಲ್ಲ. ಸೀಲು ತೋರಿಸಿದ. ಅಧಿಕಾರಿ ಸಭ್ಯನೇ, ಎರಡು ಸಲ ತಿಳಿಹೇಳಿ ಮಜೂರನಿಗೆ ಕಣ್ಸನ್ನೆ ಮಾಡಿದ. ಮಜೂರ ಹಾರೆ ಹಾಕಿ ಮೀಟಿದ. ತನ್ನದೊಂದು ಪೆಟ್ಟಿಗೆ ತೆರೆಯುವುದನ್ನು ಗುರುಸಿದ್ದಪ್ಪ ಆಯುಷ್ಯದಲ್ಲಿ ಮೊದಲ ಬಾರಿ ನೋಡಿದ. ಹುಲ್ಲು ಹೊರಚೆಲ್ಲಿತು, ಧೋತರದ ಪಟ್ಟಿಗಳು ಸಡಿಲಿದವು. ಅಡ್ಡಕಂಬಿಯ ಮೇಲೆ ಹಸಿರು ಬಣ್ಣ ಬಳಿದ ಮರದ ಪುಟ್ಟ ಪೀಠವೊಂದು ಕಾಣಿಸಿತು, ಬೆನ್ನಿಗೆ ಒರಗು ಹಲಗೆಯಿದ್ದದ್ದು, ಎಳೆಮಗುವಿನ ಅಳತೆಯದು.

ಇದು ಯಾರಿಗೆ ಎಂದು ಅಧಿಕಾರಿ ಕೇಳಿದ. ತಂಗಿಯ ಮಗಳಿಗೆ ಎಂದ. ಮಗುವಿಗೆ ಎಷ್ಟು ವಯಸ್ಸು ಎಂದು ಆತ ಸುಮ್ಮನೆ, ಸೌಜನ್ಯಕ್ಕೆ, ಕೇಳಿ ಸೀಮೆಸುಣ್ಣದಿಂದ ಗುರುತು ಹಾಕಿ ಮುಂದೆ ಹೋದ. ಆತ ಹೋದ ಮೇಲೂ ಗುರುಸಿದ್ದಪ್ಪ ಬೆರಳು ಮಡಚುತ್ತ ವರ್ಷ ಎಣಿಸಿದ. ಮಗು ಸಾಲೆಗೆ ಹೋಗುತ್ತಿದೆಯೆಂದು ವನಜಾ ಎಂದೋ ಬರೆದಿದ್ದಳು. ಅವನು ಪೀಠ ಬಲಪಡಿಸುವಾಗ, ಬಣ್ಣ ಬಳಿಯುವಾಗ, ಕಣ್ಣ ಮುಂದಿದ್ದದ್ದು ಆ ಮಗುವಲ್ಲ, ಗುಲ್‌ಮಂಡಿಯ ಪುಟ್ಟ ವನಜಾ.

ಅವನು ಮಂಡಿಯೂರಿ ಮತ್ತೆ ಕಟ್ಟತೊಡಗಿದ.

"ಚಾಚಾ, ದೋ ಕೀಲ್ ಠೋಕೋ ಔರ್ ಚಲೋ! ಜಹಾಜ್ ಜಾಯೇಗಾ!" ಎಂದ ಮಜೂರ, ಎರಡು ಮೊಳೆ ಹೊಡೆದು ಹೊರಡು ಎಂದು.

"ಹಿಲ್‌ತಾ ಹೈ," ಎಂದ ಗುರುಸಿದ್ದಪ್ಪ. ಅಲುಗಾಡುತ್ತದೆ ಎಂಬ ಅದೇ ಹಳೆಯ ಮಾತು.

"ತೋ ಹಿಲ್‌ನೇ ದೋ ನಾ!"

ಸಮುದ್ರದ ಗಾಳಿಗೆ ಹಾರುತ್ತಿದ್ದ ಹುಲ್ಲನ್ನು ಎಳೆಎಳೆಯಾಗಿ ಕೂಡಿಸಿದ. ಕಾಗದ ಸುತ್ತಿದ, ಬಿಚ್ಚಿದ, ಮತ್ತೆ ಸುತ್ತಿದ. ಹಡಗು ಕೂಗಿತು, ಇನ್ನೊಮ್ಮೆ ಕೂಗಿತು. ಕೊನೆಯ ತಿರುಪು ಬಿಗಿದು ತಲೆಯೆತ್ತಿದಾಗ ಕಟ್ಟೆಯ ಪಕ್ಕದಲ್ಲಿ ಬರೀ ನೀರಿತ್ತು.

ಪೆಟ್ಟಿಗೆಯೊಂದಿಗೆ ನಾಸಿಕಕ್ಕೆ ಮರಳಿದ ಅವನ ಬಾಯಿಂದಲೇ ಇದನ್ನು ಕೇಳಿದ ದಿನ ನನಗೆ ಸಿಟ್ಟು ನೆತ್ತಿಗೇರಿತ್ತು. ಹಡಗೇನು ಕಾರಂಜಾದ ಟಾಂಗಾವೇ, ಚಪ್ಪಾಳೆ ತಟ್ಟಿದರೆ ನಿಲ್ಲಲು? ಆಚೆ ದಡದಲ್ಲಿ ತಂಗಿ ಅಡಿಗೆ ಮಾಡಿಟ್ಟು ಕಾಯುತ್ತಿರುವಾಗ ಹುಲ್ಲು ಹೆಕ್ಕುತ್ತ ಕೂರುವ ಮನುಷ್ಯನಿಗೆ ಏನೆನ್ನಬೇಕು? ಹರಿದಾಸನೂ ಗಲ್ಲಾ ಬಿಟ್ಟು ಎದ್ದು ಬಂದು ಬೈದ. "ಮುಂದಿನ ಹಡಗಿಗೆ ಹೋಗಿ ಮಾರಾಯ್ರೆ! ಟಿಕೆಟ್ ಬದಲಿಸಿ ಕೊಡ್ತಾರಂತಲ್ಲ!"

"ಹೋಗೂಣ್ರಿ. ಮೊದಲ ಸೀಲ್ ಆಗ್ಲಿ."

ಸೀಲು ಆಯಿತು. ಮುಂದಿನ ಹಡಗು ಹೊರಟ ದಿನ ಗುರುಸಿದ್ದಪ್ಪ ಓಝರಿನಲ್ಲಿ ಕೆಲಸಕ್ಕೆ ಹೋಗಿದ್ದ. ಪರವಾನಗಿಯ ಅವಧಿ ತೀರಿತು. ತಂಗಿಗೆ ಏನು ಬರೆದನೋ. ನಮ್ಮೆದುರು ಮಾತ್ರ, "ಆಕಿ ಅಲ್ಲೆ ಆರಾಮ ಅದಾಳ್ರಿ," ಎಂದು ಚಹಾದ ಲೋಟವನ್ನು ಮೇಜಿನ ಮೇಲೆ ಅಲ್ಲಾಡಿಸಿ ನೋಡುತ್ತ ಕೂತ. ಅವನು ಹೆದರಿದ್ದ. ಸಮುದ್ರಕ್ಕಲ್ಲ, ಆಚೆ ದಡದಲ್ಲಿ ಇಳಿದಾಗ ತಾನು ಹೊತ್ತು ತಂದ ಅಳತೆಗೆ ಸರಿಹೊಂದುವವರು ಯಾರೂ ಇರುವುದಿಲ್ಲವೆಂಬುದಕ್ಕೆ. ಬಲಗಡೆಯ ಆ ಖಾಲಿ ಜಾಗದೊಂದಿಗೆ ಅವನು ಮತ್ತೆ ಸೇತುವೆ ದಾಟತೊಡಗಿದ, ವರ್ಷಗಟ್ಟಲೆ ದಾಟಿದ.

ಎಪ್ಪತ್ತೇಳರ ದೀಪಾವಳಿಯ ಹೊತ್ತಿಗೆ ವನಜಾ ತಾನೇ ಬಂದಳು, ಮಗಳು ಪ್ರೇಮಾಳನ್ನು ಕರೆದುಕೊಂಡು. ಹುಡುಗಿ ಮಾವನ ಕಿವಿಯ ಮಟ್ಟಕ್ಕೆ ಬೆಳೆದಿದ್ದಳು. ಖೋಲಿಯೊಳಗೆ ಕಾಲಿಡಲು ಜಾಗವಿಲ್ಲದೆ ವನಜಾ ಪೆಟ್ಟಿಗೆಯ ಮೇಲೆಯೇ ಕೂತಳು. ನಾನೂ ಹರಿದಾಸನೂ ಫರಾಳದ ತಿಂಡಿಗಳ ಪೊಟ್ಟಣ ಹಿಡಿದು ಬಾಗಿಲಲ್ಲಿದ್ದೆವು.

"ಅಣ್ಣಾ, ಇದನ್ಯಾಕ ಇನ್ನೂ ಹಿಂಗ ಇಟ್ಟೀದಿ?"

"ನಿಂದ ಐತಿ. ನೀನ ತಗಿ."

ಇಕ್ಕಳ ಕೈಗೆ ಕೊಟ್ಟು ಗೋಡೆಗೆ ಒರಗಿ ನಿಂತ. ಸೀಲು ಕತ್ತರಿಸಿ ಮುಚ್ಚಳ ಎತ್ತಿದಾಗ ಹಳೆಯ ಹುಲ್ಲಿನ, ಮೇಣದ ವಾಸನೆ ಖೋಲಿ ತುಂಬಿತು. ಟೈರುಗಳು ಒಣಗಿ ಸೀಳಿದ್ದವು. ಚೌಕಟ್ಟಿನಲ್ಲಿ ಒಂದು ಗೀರಿಲ್ಲ. ವನಜಾ ಹಸಿರು ಪೀಠದ ಮೇಲೆ ಅಂಗೈ ಇಟ್ಟಳು. "ಇದನ್ನ ತೊಗೊಂಡ ಬರಾಂವಿದ್ದೇನು?"

"ಯಾರ್ ಕೂಡೋದು ಇದ್ರಲ್ಲಿ?" ಎಂದು ಪ್ರೇಮಾ ತನ್ನ ತೊದಲುಗನ್ನಡದಲ್ಲಿ ಕೇಳಿ ನಕ್ಕಳು.

ಗುರುಸಿದ್ದಪ್ಪನೂ ನಕ್ಕ. "ನೀನ. ಸ್ವಲ್ಪ ತಡಾ ಆತು."

ಬಾಗಿಲಿನಿಂದ ಹರಿದಾಸ, "ಅಕ್ಕಾ, ನಿಮ್ಮಣ್ಣನಿಗೆ ಸೈಕಲ್ ಬಿಡ್ಲಿಕ್ಕೆ ಬರುದಿಲ್ವಾ?" ಅಂದ.

"ಛಲೋ ಬರ್ತದರಿ. ನಾ ಬಿದ್ದೇನಂತ ಹತ್ತತಿದ್ದಿಲ್ಲ. ದಿನಾ ಮನಿಯಿಂದ ಸಾಲಿತನಕ ಇದರಾಗ ಕುಂದ್ರಿಸಿ ನೂಕಿಕೋತ ಬರ್ತಿದ್ದ. ಒಂದ ಕೈ ಹ್ಯಾಂಡಲ್ ಮ್ಯಾಲ, ಇನ್ನೊಂದು ಇಲ್ಲೆ," ಎಂದು ಅವಳು ತನ್ನ ಬೆನ್ನನ್ನು ಮುಟ್ಟಿ ತೋರಿಸಿದಳು. ಹರಿದಾಸ ಪೊಟ್ಟಣವನ್ನು ಕಿಟಕಿಯಲ್ಲಿಟ್ಟು ಹೊರಗೆ ಹೋದ.

ಹೊರಡುವ ದಿನ, ಈಗಲಾದರೂ ಬಾ ಎಂದು ತಂಗಿ ಕೈ ಹಿಡಿದು ಕೇಳಿದಳು. ರಿಟೈರ್ ಆಗಲಿ ಎಂದ. ಅದು ಆಗದ ಮಾತೆಂದು ಇಬ್ಬರಿಗೂ ಗೊತ್ತಿತ್ತು. ಅವರ ಟ್ಯಾಕ್ಸಿ ತಿರುವಿನಲ್ಲಿ ಮರೆಯಾದ ಮೇಲೂ ಗುರುಸಿದ್ದಪ್ಪ ಬಹಳ ಹೊತ್ತು ಓಣಿಯ ಬಾಯಲ್ಲಿ ನಿಂತಿದ್ದ.

ಆ ವಾರವೇ ಸೈಕಲ್ಲಿಗೆ ಹೊಸ ಟೈರುಗಳು ಬಿದ್ದವು. ಮತ್ತೆ ಭದ್ರಕಾಳಿಯಿಂದ ಪಂಚವಟಿಗೆ, ಕಂಬಿಯ ಮೇಲೆ ಹಸಿರು ಪೀಠ ಹೊತ್ತು, ನೂಕಿಕೊಂಡು. "ಆ ಸಣ್ಣ ಸೀಟನ್ನಾದ್ರೂ ತೆಗೀರಿ ಗುರುಸಿದ್ದಪ್ಪನವ್ರೇ," ಎಂದು ಹರಿದಾಸ ಮೆಲ್ಲಗೆ ಹೇಳಿದಾಗ, ಅವನು ಅದನ್ನು ಹಿಡಿದು ಅಲ್ಲಾಡಿಸಿ ನೋಡಿ, "ಎಲ್ಲೆ ಅಲುಗಾಡ್ತದ್ರಿ? ಇರ್ಲಿ ಬಿಡ್ರಿ," ಎಂದು ಮುಂದೆ ನಡೆದ.

ಕಟ್ಟಿ ಕಳಿಸುವವರದೇ ಒಂದು ಕುಲವಿದೆ ಲೋಕದಲ್ಲಿ. ಒಲವಿಗೆ ಎಲ್ಲಿ ಪೆಟ್ಟಾದೀತೋ ಎಂದು ಸುತ್ತಿ ಸುತ್ತಿ ಇಡುವವರು, ಸುತ್ತುವ ತನ್ಮಯತೆಯಲ್ಲಿ ಹಡಗಿನ ಕೂಗು ಕಿವಿಗೆ ಬೀಳದವರು. ಅವರ ಮೇಲೆ ನನಗೆ ಸಿಟ್ಟು ಬರುತ್ತದೆ, ಇಂದಿಗೂ ಬರುತ್ತದೆ. ಆದರೆ ನಮ್ಮಲ್ಲಿ ಯಾರಾದರೂ ಬೀಳದೆ ಇಷ್ಟು ದೂರ ಬಂದಿದ್ದರೆ, ಎಳವೆಯಲ್ಲಿ ನಮ್ಮ ಬೆನ್ನ ಹಿಂದೆ ಇಂಥವರೊಬ್ಬರ ಕೈ ಇದ್ದಿರಬೇಕು. ನಾವು ಇಳಿದು ನಮ್ಮ ದಾರಿ ಹಿಡಿದ ಮೇಲೂ ಆ ಕೈ ಬರಿಗಾಳಿಯಲ್ಲಿ ಹಾಗೆಯೇ ಬಾಗಿ ನಿಂತಿರುತ್ತದೆಂದು ತಿರುಗಿ ನೋಡುವ ಪುರುಸೊತ್ತು ಮಾತ್ರ ನಮಗೆ ಇರುವುದಿಲ್ಲ.