ಉದಯಗಿರಿಯ ಸ್ಕ್ರೂ

ಮೂರನೆಯ ಡಬ್ಬಿಯನ್ನೂ ಚಂದಯ್ಯ ಜಗಲಿಯ ಮೇಲೆ ಬೋರಲು ಹಾಕಿದ. ಗಾಳದ ಕೊಕ್ಕೆ, ತುಕ್ಕು ಹಿಡಿದ ಬೀಗದ ಕೈ ಎಲ್ಲ ಉರುಳಿದವು. ಬೇಕಾದದ್ದು ಮಾತ್ರ ಕಾಣಲಿಲ್ಲ. ಮೊಮ್ಮಗಳು ಶರಣ್ಯಾ ಒಂಬತ್ತರ ಬಸ್ಸಿಗೆ ಕುಂದಾಪುರಕ್ಕೆ ಹೋಗಿ ರೈಲು ಹಿಡಿಯಬೇಕು, ಆಮೇಲೆ ಹಡಗು ಹತ್ತಬೇಕು.

ಅದೂ ಎಂಥ ಹಡಗು. ನೌಕಾಪಡೆಯಲ್ಲಿದ್ದಾಗ ಚಂದಯ್ಯ ಆರು ವರ್ಷ ಅಡುಗೆ ಮಾಡಿದ ಹಡಗಿನ ಹೆಸರು ಉದಯಗಿರಿ. ಅದು ಸೇವೆಯಿಂದ ಇಳಿದು ಬಹಳ ಕಾಲವಾಗಿತ್ತು. ಈಗ ಅದೇ ಹೆಸರಿನ ಹೊಸ ಹಡಗು ಬಂದಿದೆ, ಮೊಮ್ಮಗಳಿಗೆ ಅದರಲ್ಲೇ ಕೆಲಸ. ಸುದ್ದಿ ಬಂದ ದಿನದಿಂದ ಮುದುಕನ ಕಾಲು ನೆಲದ ಮೇಲೆ ನಿಂತಿಲ್ಲ. ಕಿರಿಮಂಜೇಶ್ವರದಲ್ಲಿ ಮೀನು ಮಾರುವ ಹೆಂಗಸರಿಗೆಲ್ಲ ಎರಡೆರಡು ಸಲ ಹೇಳಿಯಾಗಿತ್ತು.

"ಸಿಕ್ತ್," ಎಂದು ನಾಲ್ಕನೆಯ ಡಬ್ಬಿಯಿಂದ ಹಿತ್ತಾಳೆಯ ಸ್ಕ್ರೂ ಒಂದನ್ನು ಎತ್ತಿ ಹಿಡಿದ. "ಹಳೇ ಉದಯಗಿರಿಯ ಅಡುಗೆಮನೆ ಬಾಗ್ಲಿಂದ್. ಹೊಸ ಹಡಗಿಗೆ ಇದನ್ನ್ ಹಾಕ್ಕ್ ಮಗಾ."

ಅವರ ಮನೆಯಲ್ಲಿ ದೋಣಿ ಹಳತಾದರೆ ಅದರ ಒಂದು ಮೊಳೆ ಕಿತ್ತು ಅದೇ ಹೆಸರಿನ ಹೊಸ ದೋಣಿಗೆ ಹೊಡೆಯುತ್ತಿದ್ದರು. ಇಲ್ಲದಿದ್ದರೆ ಹೆಸರು ನಿಲ್ಲುವುದಿಲ್ಲ. ಮನೆಯ ಮೂರು 'ಗಂಗಾಮಾತೆ' ದೋಣಿಗಳಿಗೂ ಒಂದೇ ಮೊಳೆ ದಾಟಿ ಬಂದಿತ್ತು.

"ಅದ್ ಯುದ್ಧದ ಹಡಗ್ ಅಜ್ಜಯ್ಯ. ನಾನ್ ಹೋಯಿ ಸ್ಕ್ರೂ ಹಾಕುಕ್ ಬಿಡ್ತ್ರಾ? ಕೆಲ್ಸ ಹೋತ್."

"ಒಂದ್ ಮೂಲೆಲಿ ಹಾಕಿರೆ ಸಾಕ್. ಯಾರಿಗೂ ಕಾಣ್ತಿಲ್ಲೆ."

"ನನ್ ಹತ್ರ ಆತಿಲ್ಲೆ."

ಚಂದಯ್ಯ ಜಗಲಿಯ ಅಂಚಿನಲ್ಲಿ ಕುಳಿತುಬಿಟ್ಟ. ಇಷ್ಟು ವರ್ಷ ಜೋಪಾನ ಮಾಡಿದ್ದು ಈ ಉತ್ತರ ಕೇಳುವುದಕ್ಕೆಯೇ ಎಂದು ಬಹಳ ಬೇಸರವಾಯಿತು. ಸ್ಕ್ರೂವನ್ನು ಮತ್ತೆ ಡಬ್ಬಿಗೆ ಹಾಕಿದ.

ದೂರದಲ್ಲಿ ಬಸ್ಸಿನ ಹಾರನ್ನು ಕೇಳಿಸಿತು. ಶರಣ್ಯಾ ತನ್ನ ಕಪ್ಪು ಟ್ರಂಕನ್ನು ಎತ್ತಿದಳು. ಹಿಡಿಯ ಒಂದು ತುದಿ ಸಡಿಲಾಗಿ ಅಲ್ಲಾಡಿತು. ಅದನ್ನೇ ನೋಡಿ ಟ್ರಂಕು ಕೆಳಗಿಟ್ಟಳು.

"ಅಜ್ಜಯ್ಯ, ಸ್ಕ್ರೂಡ್ರೈವರ್ ಎಲ್ಲಿತ್ತ್?"

"ಎಂತಕ್ಕೆ?"

"ಹಿಡಿಗೆ ಒಂದ್ ಸ್ಕ್ರೂ ಇಲ್ಲೆ. ಟ್ರಂಕ್ ನನ್ನೊಟ್ಟಿಗೆ ಹಡಗ್ ಹತ್ತುದಲ್ದಾ?"

ಮುದುಕ ಎದ್ದ ರಭಸಕ್ಕೆ ಡಬ್ಬಿ ಮಗುಚಿತು. ಉರುಳಿದ ಹಿತ್ತಾಳೆಯ ಸ್ಕ್ರೂ ಹೆಕ್ಕಿ, ಸ್ಕ್ರೂಡ್ರೈವರ್ ತಂದು, ಅಂಗಳದಲ್ಲೇ ಮೊಣಕಾಲೂರಿ ಅದನ್ನು ಹಿಡಿಗೆ ತಿರುಗಿಸಿದ. ಹಿತ್ತಾಳೆ ನಾಲ್ಕೇ ಸುತ್ತಿನಲ್ಲಿ ಗಟ್ಟಿಯಾಗಿ ಕೂತಿತು. ಇಬ್ಬರೂ ಟ್ರಂಕು ಹಿಡಿದು ಹೆದ್ದಾರಿಗೆ ಓಡಿದರು.

"ಎಂತ ತುಂಬ್ಸಿರಿ ಮಾರಾಯ್ರೆ," ಎನ್ನುತ್ತ ಕಂಡಕ್ಟರ್ ಒಂದೇ ಕೈಯಲ್ಲಿ ಹಿಡಿಯನ್ನು ಹಿಡಿದು ಟ್ರಂಕನ್ನು ಮೇಲಕ್ಕೆಳೆದ. ಆಗಲೇ ಬಸ್ಸು ಹತ್ತಿದ್ದ ಶರಣ್ಯಾ ಕಿಟಕಿಯಿಂದ ಕೈ ಬೀಸಿದಳು. ಚಂದಯ್ಯನಿಗೆ ಅದು ಕಾಣಲೇ ಇಲ್ಲ. ಅವನ ಕಣ್ಣು ಕಂಡಕ್ಟರನ ಕೈಯಲ್ಲಿದ್ದ ಹಿಡಿಯ ಮೇಲಿತ್ತು. ಅದು ಒಂದಿಷ್ಟೂ ಅಲ್ಲಾಡಲಿಲ್ಲ.