ಬಡಿಸಿದವನ ಹೆಸರು

ಮಾಗಡಿಯಿಂದ ರಾಮನಗರಕ್ಕೆ ಬರುವ ಬೆಳಗಿನ ಬಸ್ಸಿನಲ್ಲಿ, ತಿರುವು ಬಂದಾಗಲೆಲ್ಲ ನಿಂತವರೆಲ್ಲ ಒಂದೇ ಕಡೆಗೆ ವಾಲಿ ಮೇಲಿನ ಕಂಬಿಗೆ ಜೋತುಬೀಳುವಾಗ, ಏನನ್ನೂ ಹಿಡಿಯದೆ, ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು, ಗರುಡಗಂಬದಂತೆ ನೆಟ್ಟಗೆ ನಿಂತಿರುವ ಒಬ್ಬರೇ ಒಬ್ಬರು ನಿಮ್ಮ ಕಣ್ಣಿಗೆ ಬಿದ್ದರೆ, ಅವರೇ ಗವಿಸಿದ್ದಯ್ಯ. ಯೌವನವನ್ನೆಲ್ಲ ವಿಹಾರದ ಹಡಗುಗಳ ಊಟದ ಹಜಾರಗಳಲ್ಲಿ, ಬಡಿಸುವ ಕಾಯಕದಲ್ಲಿ ಕಳೆದ ಅವರ ಕಾಲುಗಳಿಗೆ, ಭೂಮಿ ಅಚಲವೆಂಬ ನಂಬಿಕೆ ಎಂದೋ ಹೊರಟುಹೋಗಿತ್ತು. ರಾಮನಗರದ ಟಾರು ರಸ್ತೆಯ ಮೇಲೂ ಪಾದಗಳನ್ನು ಅಗಲಿಸಿ, ಪ್ರತಿ ಹೆಜ್ಜೆಗೂ ನೆಲದ ಅನುಮತಿ ಕೇಳುವವರಂತೆ ನಡೆಯುತ್ತಿದ್ದರು. ಅದನ್ನು ಕಂಡು ಬಸ್ ನಿಲ್ದಾಣದಲ್ಲಿ ಹೂ ಮಾರುವ ಮುನಿಯಮ್ಮ, "ಪಾಪ, ಬೆಳಿಗ್ಗೆ ಬೆಳಿಗ್ಗೇನೆ ಹಾಕ್ಕೊಂಡ್ ಬಂದವ್ರೆ" ಎಂದು ನನ್ನೆದುರಿಗೇ ಒಮ್ಮೆ ಮರುಗಿದ್ದಳು. ಕೊರಳಲ್ಲಿ ಲಿಂಗ ಧರಿಸಿದ, ಜನ್ಮದಲ್ಲಿ ಒಂದು ತೊಟ್ಟು ಕುಡಿಯದ ಮನುಷ್ಯನಿಗೆ ಬಂದ ಅಪಕೀರ್ತಿ ಅದು.

ನಾನು ರಾಮನಗರದ ಗಫಾರ್ ಸಾಹೇಬರ ಪ್ರವಾಸದ ಆಫೀಸಿನಲ್ಲಿ ಸಂಬಳಕ್ಕಿರುವವನು. ಸಿಂಗಪುರದ ಹಡಗು, ದುಬೈನ ಹಡಗು, ಕಡಲಿಗೆ ಮುಖ ಮಾಡಿದ ಕಿಟಕಿ, ಕೇಳಿದಷ್ಟು ಊಟ ಎಂದು ಬಾಯಿ ಒಣಗುವ ತನಕ ಸಮುದ್ರವನ್ನು ಮಾರುತ್ತೇನೆ. ನಾನು ಕಂಡ ಅತಿ ದೊಡ್ಡ ನೀರು ಕಣ್ವ ಜಲಾಶಯದ್ದು. ಅದರಲ್ಲೂ ಮೊಣಕಾಲಿನವರೆಗೆ ಇಳಿದು, ಅಷ್ಟಕ್ಕೇ ಒಂದು ಚಪ್ಪಲಿ ಕಳೆದುಕೊಂಡು ಬಂದವನು. ಇಂಥ ನಾವಿಕನ ಪಕ್ಕದ ಕುರ್ಚಿಗೆ, "ಸಮುದ್ರ ನೋಡಿರೋನು ಒಬ್ನಾದ್ರೂ ಇರ್ಲಿ ಕಣಯ್ಯ ಆಫೀಸಲ್ಲಿ" ಎಂದು ಗಫಾರ್ ಸಾಹೇಬರು ಗವಿಸಿದ್ದಯ್ಯನವರನ್ನು ಕರೆತಂದರು. ಕುರ್ಚಿ ಇತ್ತೇ ಹೊರತು ಅವರು ಅದರಲ್ಲಿ ಕೂತದ್ದು ಕಡಿಮೆ. ಗಿರಾಕಿಯ ಎಡಭಾಗಕ್ಕೆ, ಒಂದು ಹೆಜ್ಜೆ ಹಿಂದೆ, ಕರೆದರೆ ಕೇಳುವಷ್ಟು ಹತ್ತಿರ, ಉಸಿರು ತಾಗದಷ್ಟು ದೂರ, ನಿಂತೇ ಇರುತ್ತಿದ್ದರು. ಮೈಮೇಲೆ ಹಡಗಿನ ಬಿಳಿಯ ಗಿಡ್ಡ ಕೋಟು. ಕಂಪನಿಯ ಲಾಂಛನವನ್ನು ಬಿಚ್ಚಿದ ಜಾಗದಲ್ಲಿ ಸೂಜಿಯ ತೂತುಗಳು ವೃತ್ತಾಕಾರವಾಗಿ ಉಳಿದಿದ್ದವು. ಯಾರು ಏನು ಹೇಳಿದರೂ ಅವರ ಉತ್ತರ ಒಂದೇ: "ಸಂತೋಷ." ಟೀ ತಂದಿಡಿ ಎಂದರೆ ಸಂತೋಷ, ಟೀ ಬೇಡ ಎಂದರೂ ಸಂತೋಷ. ನಾನೊಮ್ಮೆ ಅವರ ಕಾಲನ್ನು ತುಳಿದಾಗಲೂ ಆ ಮಾತೇ ಬಂದು, ಆಮೇಲೆ ಇಬ್ಬರೂ ನಾಚಿದೆವು.

ಹಡಗಿಗೆ ಹೊರಟವರು ಮೊದಲು ಕೇಳುವುದು ಸಮುದ್ರದ ವಿಚಾರವಲ್ಲ, ಟಿಪ್ಸಿನ ವಿಚಾರ. ಅದನ್ನು ಗವಿಸಿದ್ದಯ್ಯನವರು ಬಿಡಿಸಿ ಹೇಳುತ್ತಿದ್ದರು. ಕಂಪನಿ ಕೊಡುವ ಸಂಬಳ ಹೆಸರಿಗೆ ಮಾತ್ರ. ದಿನದಿನವೂ ಪ್ರಯಾಣಿಕರ ಕೋಣೆಯ ಬಿಲ್ಲಿಗೆ ಸೇರುವ ಸರ್ವೀಸ್ ಚಾರ್ಜಿನಲ್ಲಿ ಬಡಿಸುವವರ, ಹಾಸಿಗೆ ಹಾಸುವವರ ಪಾಲೇ ಅವರ ಜೀವನ. ಬೇಡವೆಂದವರು ಹಡಗಿನ ಕೌಂಟರಿಗೆ ಹೋಗಿ ಅದನ್ನು ತೆಗೆಸಬಹುದು.

ಬಿಡುವಿನ ಮಧ್ಯಾಹ್ನಗಳಲ್ಲಿ ನಾನು ಕೆಣಕುತ್ತಿದ್ದೆ. "ಯಾವ ದೇಶದೋರು ಒಳ್ಳೇವ್ರು ಗವಿಸಿದ್ದಣ್ಣ?"

"ಒಳ್ಳೇವ್ರು ಕೆಟ್ಟೋರು ಅಂತೇನಿಲ್ಲಪ್ಪ. ಅಮೆರಿಕದೋರು ಕ್ಷಮಾಪಣೆ ಕೇಳೋ ಹಂಗೆ ಕೊಡ್ತಾರೆ. ಇಂಗ್ಲೆಂಡಿನೋರು ಕಳ್ಳತನ ಮಾಡೋ ಹಂಗೆ, ಆ ಕಡೆ ಈ ಕಡೆ ನೋಡಿ ತಟ್ಟೆ ಅಡೀಲಿ ಇಡ್ತಾರೆ. ಆಸ್ಟ್ರೇಲಿಯಾದೋರು ನಿಮ್ ಕಂಪ್ನಿಯೋನು ಸಂಬಳ ಕೊಡಲ್ವಾ ಅಂತ ನಮ್ ಪರವಾಗಿ ಜಗಳಕ್ಕೇ ನಿಲ್ತಾರೆ, ಕೊಡೋದಿಲ್ಲ. ಜಪಾನಿನೋರು ಸೊಂಟ ಬಗ್ಗಿಸಿ ನಮಸ್ಕಾರ ಮಾಡ್ತಾರೆ. ಅವ್ರಿಗೆ ದುಡ್ಡು ಕೊಡೋದು ಅಂದ್ರೆ ನಮಗೆ ಅವಮಾನ ಮಾಡ್ದಂಗೆ."

"ನಮ್ಮೋರು?"

ಗವಿಸಿದ್ದಯ್ಯನವರು ನನ್ನ ಖಾಲಿ ಟೀ ಲೋಟವನ್ನು ಎತ್ತಿಕೊಂಡರು. "ನಮ್ಮೋರು ಊರು ಕೇಳ್ತಾರೆ."

ಆ ಪ್ರಶ್ನೆಯಲ್ಲೇ ಅವರ ಬದುಕು ಬಗ್ಗಡವಾಗಿತ್ತೆಂದು ನನಗೆ ಗೊತ್ತಾದದ್ದು ಆಮೇಲೆ. ಅವರ ಕಡೆಯ ಯಾನದಲ್ಲಿ, ಅವರು ಬಡಿಸುವ ಮೇಜಿಗೆ ಕನಕಪುರ ತಾಲ್ಲೂಕಿನ ದೊಡ್ಡಆಲಹಳ್ಳಿಯ ಅಂಕಯ್ಯ, ಮಾರಕ್ಕ ಎಂಬ ದಂಪತಿ ಬಂದು ಕೂತರು. ಅಂಕಯ್ಯ ಸರ್ಕಾರಿ ಬಸ್ಸಿನ ಕಂಡಕ್ಟರಾಗಿ ನಿವೃತ್ತರಾದವರು. ಜೊತೆಯಲ್ಲಿ ಕನಕಪುರದ ಅವರ ಸ್ನೇಹಿತರ ದೊಡ್ಡ ತಂಡ. ಮಾರಕ್ಕ ಆ ಅಪರಿಚಿತ ಭಕ್ಷ್ಯಗಳ ಮುಂದೆ ಕೈಕಟ್ಟಿ ಕೂತಿದ್ದಾಗ ಹಿಂದಿನಿಂದ, "ಒಸಿ ಅನ್ನ ಸಾರು ಮಾಡಿಸ್ಲಾ ಅವ್ವಾ?" ಎಂಬ ದನಿ ಕೇಳಿ ಆಕೆಗೆ ಕಣ್ಣು ತುಂಬಿತಂತೆ. ಊರು ಕೇಳಿದರು, ಕುಲ ತಾನಾಗಿಯೇ ತಿಳಿಯಿತು. ಯಾವ ಕುಲದವರ ಪಂಕ್ತಿಯಲ್ಲಿ ತನ್ನ ಹಿರಿಯರು ದೂರ ನಿಂತು ಅನ್ನವನ್ನು ಮೇಲಿನಿಂದ ಎತ್ತಿ ಹಾಕಿಸಿಕೊಂಡಿದ್ದರೋ ಆ ಕುಲದವನೊಬ್ಬ ಬಗ್ಗಿ, ಹೆಸರು ಹಿಡಿದು ಕರೆದು, ಇನ್ನೊಂದು ತುತ್ತು ಎನ್ನುತ್ತಿದ್ದಾನೆ. ಮಾರಕ್ಕನಿಗೆ ಕಡಲಿಗಿಂತ ಅದೇ ದೊಡ್ಡ ಸೋಜಿಗವಾಯಿತು.

ಇಳಿಯುವ ದಿನ ಅಂಕಯ್ಯ ಬಿಲ್ಲು ನೋಡಿದರು. ತಮ್ಮ ಇಡೀ ಸೇವಾವಧಿಯಲ್ಲಿ ಪ್ರಯಾಣಿಕರಿಂದ ಒಂದು ರೂಪಾಯಿ ಹೆಚ್ಚಿಗೆ ಪಡೆಯದ ಆ ಮನುಷ್ಯನಿಗೆ, ನಮ್ಮವನೊಬ್ಬ ನಮಗೆ ಬಡಿಸಿದ್ದಕ್ಕೆ ಕಂಪನಿ ದುಡ್ಡು ಕೀಳುತ್ತಿರುವುದು ಶುದ್ಧ ಮೋಸವಾಗಿ ಕಂಡಿತು. ಮನೆಯ ಮಗ ಬಡಿಸಿದರೆ ಯಾರಾದರೂ ಬಿಲ್ಲು ಕೊಡುತ್ತಾರೆಯೆ? ಸೀದಾ ಕೌಂಟರಿಗೆ ಹೋದರು; ಗವಿಸಿದ್ದಯ್ಯನ ಹೆಸರಿನ ಚಾರ್ಜು ತೆಗೆಯಿರಿ ಎಂದು, ಹೆಸರನ್ನು ಒತ್ತಿ ಒತ್ತಿ ಹೇಳಿ ತೆಗೆಸಿದರು; ತಂಡದವರಿಂದಲೂ ತೆಗೆಸಿದರು. ಮಾರಕ್ಕ ಉಳಿದ ನಿಪ್ಪಟ್ಟಿನ ಡಬ್ಬಿಯನ್ನು ಗವಿಸಿದ್ದಯ್ಯನವರ ಕೈಗಿತ್ತು, ಊರಿಗೆ ಬಂದಾಗ ಉಣ್ಣಲು ಬರಲೇಬೇಕೆಂದು ಆಣೆ ಹಾಕಿಸಿಕೊಂಡು ಇಳಿದರು. ಟಿಪ್ಸಿನ ಮಾತೆತ್ತಕೂಡದೆಂಬುದು ನೌಕರರಿಗೆ ಹಡಗಿನ ಕಟ್ಟಪ್ಪಣೆ, ಗವಿಸಿದ್ದಯ್ಯನವರು ನಗುತ್ತ ಕೈಬೀಸಿ ಬೀಳ್ಕೊಟ್ಟರು.

ಬಡಿಸಿದವನ ಹೆಸರು ಹೇಳಿ ಚಾರ್ಜು ತೆಗೆಸಿದರೆ ಅದು ಕಂಪನಿಯ ಲೆಕ್ಕದಲ್ಲಿ ದೂರು. ಒಂದು ತಂಡಕ್ಕೆ ತಂಡವೇ ತೆಗೆಸಿದರೆ ಘನವಾದ ದೂರು. ಕಂಪನಿ ಇವರನ್ನು ಮತ್ತೆ ಕರೆಯಲಿಲ್ಲ. ಬೆಂಗಳೂರಿನ ಏಜೆಂಟು ಒಂದು ದಾರಿ ಹೇಳಿದ್ದ: ಆ ಪ್ರಯಾಣಿಕರು ಕಂಪನಿಗೆ ಫೋನಿನಲ್ಲಿ ಒಂದು ಮಾತು, ದೂರಲ್ಲ, ತಿಳಿಯದೆ ಆದದ್ದು ಎಂದರೆ ಸಾಕು, ಆದರೆ ಈ ತಿಂಗಳೊಳಗೆ, ಆಮೇಲೆ ಮರಳಿ ಸೇರಿಸಿಕೊಳ್ಳುವ ವಯಸ್ಸು ಮೀರುತ್ತದೆ. ಗವಿಸಿದ್ದಯ್ಯನವರ ಹೆಂಡತಿ ಉಮಾಮಹೇಶ್ವರಿಗೆ ಇದೊಂದೂ ತಿಳಿಯದು; ನಮ್ಮ ಆಫೀಸು ಹಡಗಿನ ಕರೆ ಬರುವ ತನಕದ ಕೆಲಸವೆಂದೇ ನಂಬಿದ್ದರು. ನರ್ಸಿಂಗ್ ಓದುತ್ತಿದ್ದ ಮಗಳ ಕಾಲೇಜು ಹಡಗಿನ ದುಡಿಮೆಯ ಮೇಲೆ ನಿಂತಿತ್ತು.

"ನೀನೇ ಒಸಿ ಮಾತು ತೆಗೀಬೇಕಪ್ಪ. ನನಗೆ ಬಾಯಿ ಬರಲ್ಲ" ಎಂದು ಅವರು ನನ್ನನ್ನು ದೊಡ್ಡಆಲಹಳ್ಳಿಗೆ ಜೊತೆಗೆ ಕರೆದರು. ಮಾತಾಡುವುದಕ್ಕೇ ಸಂಬಳ ತೆಗೆದುಕೊಳ್ಳುವವನು ನಾನು. ಅವರ ಬಿಳಿ ಕೋಟಿನ ಮಗ್ಗುಲಲ್ಲಿ ಇಸ್ತ್ರಿ ಅಂಗಿ ತೊಟ್ಟು ಕೂತು, ದಾರಿಯುದ್ದಕ್ಕೂ ಪೀಠಿಕೆ ಹೊಂದಿಸುತ್ತ ಹೋದೆ.

ಅಂಕಯ್ಯ ಬಾಗಿಲಲ್ಲೇ ಕಾದಿದ್ದರು. "ಬಾರಪ್ಪಾ ಬಾ! ಲೇ ಲಕ್ಷ್ಮಯ್ಯಾ, ಬಾರ್ಲಾ ಇಲ್ಲಿ, ನಾನೇಳಿರ್ಲಿಲ್ವಾ ಹಡಗಿನ್ ಹುಡ್ಗ, ಇವ್ನೇ ಕಣ್ಲಾ!" ಎಂದು ಪಕ್ಕದ ಮನೆಯವರನ್ನು ಕೂಗಿದರು. ಲಕ್ಷ್ಮಯ್ಯ ಬಂದು ಕೋಟು ನೋಡಿ, "ಏನ್ಲಾ ಅಂಕ, ಬ್ಯಾಂಡ್‌ಸೆಟ್ಟೋರ್ನ ಕರೆಸಿದ್ದೀಯಾ ಅನ್ಕಂಡೆ" ಎಂದರು. "ನಗ್ಬೇಡ ಕಣ್ಲಾ. ಇವನ್ ಹೆಸ್ರಲ್ಲಿ ಕಂಪ್ನಿಯೋರು ಹೊಡ್ಕತಿದ್ದ ದುಡ್ನ ನಿಲ್ಸಿ ಬಂದೋನು ನಾನು! ಕೇಳು ಬೇಕಾದ್ರೆ ಇವನ್ನೇ." ಗವಿಸಿದ್ದಯ್ಯನವರು ಅಂದರು: "ಸಂತೋಷ ಅಪ್ಪಾಜಿ."

ಈಗ, ಎಂದು ನಾನು ಗಂಟಲು ಸರಿಮಾಡಿಕೊಂಡೆ. ಅಷ್ಟರಲ್ಲಿ ಒಳಗಿಂದ ಮಾರಕ್ಕ ಬಂದು ಕಂಬಕ್ಕೆ ಒರಗಿ ನಿಂತರು. ಮಾತು ನನ್ನ ಕಡೆಗಿತ್ತು, ಕಣ್ಣು ಗವಿಸಿದ್ದಯ್ಯನವರ ಕಡೆಗಿತ್ತು.

"ಪಾತ್ರೆ ಹೊಸವು ಕಣಪ್ಪ. ಕನಕಪುರ್ದಿಂದ ತರ್ಸಿವ್ನಿ. ಕೋಳಿ ಗೀಳಿ ಏನೂ ಮುಟ್ಸಿಲ್ಲ ಅವಕ್ಕೆ. ಅವರೇಕಾಳ್ ಸಾರು, ಮುದ್ದೆ, ಒಸಿ ಒಬ್ಬಟ್ಟು..." ಈಗ ನೇರವಾಗಿ ಅವರತ್ತಲೇ ತಿರುಗಿ, "ಇಲ್ಲಾ ಅಂದ್ರೆ ಹಣ್ಣು ಹಾಲೂ ಐತೆ. ಬಲವಂತ ಇಲ್ಲ. ಹಡಗಲ್ಲಿ ನೀನ್ ಬಡ್ಸಿದ್ದು ಬ್ಯಾರೆ, ನಾವ್ ಬಡ್ಸೋದು ಬ್ಯಾರೆ. ನನಗೆ ಗೊತ್ತಾಯ್ತದೆ" ಎಂದರು.

ಗವಿಸಿದ್ದಯ್ಯನವರು ಕೋಟು ಬಿಚ್ಚಿ ಗೂಟಕ್ಕೆ ತಗುಲಿಹಾಕಿ, ನೆಲದ ಮೇಲೆ ಎಲೆಯ ಮುಂದೆ ಕೂತರು. ಯಾರಿಗಿಂತಲೂ ಮೊದಲು ಕೂರದ ಮನುಷ್ಯ, ಎಲ್ಲರಿಗಿಂತ ಮೊದಲು ಕೂತರು. "ಮುದ್ದೆ ಒಸಿ ದೊಡ್ಡದೇ ಇಕ್ಕವ್ವಾ, ಹಸಿವಾಗೈತೆ."

ಆಕೆ ಮುದ್ದೆಯನ್ನು ಎರಡೂ ಕೈಯಲ್ಲಿ ತಂದು ಎಲೆಗಿಟ್ಟರು. ಲಕ್ಷ್ಮಯ್ಯ ನಗೆಚಾಟಿಕೆ ಬಿಟ್ಟು ಬಾಗಿಲಿಗೆ ಒರಗಿ ನಿಂತು, ಒಬ್ಬ ಮನುಷ್ಯ ಮುದ್ದೆ ಮುರಿಯುವುದನ್ನು ನೋಡಿದರು. ನಾನೋ, ಎರಡು ಒಬ್ಬಟ್ಟು ಇಳಿದ ಮೇಲೆ ನನ್ನ ಕರ್ತವ್ಯ ನೆನಪಾಗಿ, "ಅಂಕಯ್ಯನವ್ರೆ, ಆ ಸರ್ವೀಸ್ ಚಾರ್ಜಿನ ವಿಚಾರ..." ಎಂದೆ. ಕೂಡಲೇ ಗವಿಸಿದ್ದಯ್ಯನವರು ಎಡಗೈಯಲ್ಲಿ ತಟ್ಟೆ ಎಳೆದುಕೊಂಡು ಮೂರನೆಯ ಒಬ್ಬಟ್ಟನ್ನು ನನ್ನ ಎಲೆಗೆ ಹಾಕಿ, "ತಿನ್ನಪ್ಪ, ಬಿಸಿ ಐತೆ" ಎಂದರು. ಅಷ್ಟು ಮೃದುವಾಗಿ ಯಾರೂ ನನ್ನ ಬಾಯಿ ಮುಚ್ಚಿಸಿದ್ದಿಲ್ಲ.

ಹಿಂತಿರುಗುವ ಬಸ್ಸಿನಲ್ಲಿ ಹೊಟ್ಟೆ ಭಾರವಾಗಿ ಕೂತು ರೇಗಿದೆ. "ಕೇಳ್ಬುಡ್ಬೇಕಾಗಿತ್ತು ಗವಿಸಿದ್ದಣ್ಣ! ಒಂದು ಫೋನು. ಎಂಥ ಒಳ್ಳೇ ಜನ, ನಗ್ತಾ ನಗ್ತಾ ಮಾಡೋರು."

"ಅದಕ್ಕೇ ಕಣಪ್ಪ. ಉಂಡೆದ್ದು ಕೇಳಿದ್ರೆ, ಓ, ಇದಕ್ಕೇ ಉಂಡ ಅಂತ ಆಯ್ತದೆ. ಅವ್ವ ಹೊಸ ಪಾತ್ರೆ ತಂದೈತೆ."

"ಉಣ್ಣೋಕ್ ಮುಂಚೆ ಕೇಳ್ಬೇಕಿತ್ತು."

"ಆಗ ಕೆಲ್ಸ ಆಗ್ಲಿ ಅಂತ ಉಣ್ತಾವ್ನೆ ಅಂತ ಆಗ್ತಿತ್ತು. ಆಯಮ್ಮ ಜೀವಮಾನದಲ್ಲಿ ಒಂದ್ಸಲ ನೋಡೈತೆ, ನಮ್ಮಂತೋನು ಅವ್ರ ಮನೇಲಿ ಸುಮ್ನೆ ಉಂಡಿದ್ನ. ಅದಕ್ಕೂ ಒಂದ್ ರೇಟು ಕಟ್ಲಾ?"

ನಾನೇ ಅಂಕಯ್ಯನವರಿಗೆ ಫೋನು ಮಾಡಿ ಕೇಳುತ್ತೇನೆ ಎಂದೆ. ಬೇಡವೆಂದು ನನ್ನ ಕೈ ಮೇಲೆ ಕೈಯಿಟ್ಟರು. ಆ ಕೈ ತಣ್ಣಗಿತ್ತು; ಹೊರತೆಗೆದ ಫೋನನ್ನು ನಾನು ಮತ್ತೆ ಜೇಬಿಗಿಳಿಸಿದೆ.

ತಿಂಗಳು ಮುಗಿಯಿತು. ಸಮುದ್ರ ಸಾಕಾಯಿತು ಎಂದು ಅವರು ಹೆಂಡತಿಗೆ ಹೇಳಿದರು. ಗಂಡ ಕೊನೆಗೂ ಮನೆಗೆ ಬಂದನೆಂದು ಆಕೆ ಓಣಿಗೆಲ್ಲ ಸಕ್ಕರೆ ಹಂಚಿದರು. ಆ ಸಕ್ಕರೆಯ ಸವಿ ಆರುವುದರೊಳಗೆ ಮಗಳು ನರ್ಸಿಂಗ್ ಬಿಟ್ಟು ಬಿಡದಿಯ ಗಾರ್ಮೆಂಟ್ಸಿನ ಬಸ್ಸು ಹತ್ತಿದಳು. ಅಪ್ಪನ ಮೇಲೆ ಸಿಟ್ಟಾದಳೇ ಎಂದು ನಾನು ಕೇಳಲಿಲ್ಲ. ಮನೆಯಲ್ಲಿ ಯಾರೂ ಜೋರಾಗಿ ಮಾತಾಡುವುದಿಲ್ಲ ಎಂದು ಅವರೇ ಒಮ್ಮೆ ಅಂದರು, ಅದೊಂದು ಹೊಗಳಿಕೆಯೋ ಎಂಬಂತೆ.

ಅಂಕಯ್ಯ ನಮ್ಮ ಆಫೀಸಿಗೆ ಗಿರಾಕಿಗಳನ್ನು ಕಳಿಸುತ್ತಲೇ ಇದ್ದಾರೆ. ಮೊನ್ನೆ ಚನ್ನಪಟ್ಟಣದಿಂದ ಬೋರಲಿಂಗಯ್ಯ ಎಂಬ ರೇಷ್ಮೆ ವ್ಯಾಪಾರಿ ಬಂದು, ಕುರ್ಚಿಯಲ್ಲಿ ಕೂರುವ ಮೊದಲೇ, "ಅದೇನೋ ಚಾರ್ಜು ತೆಗೆಸ್ಬೋದಂತಲ್ಲ ಸ್ವಾಮಿ? ಕಂಡಕ್ಟರ್ ಅಂಕಯ್ಯ ಹೇಳ್ದ, ಹಡಗಿನೋರಿಗೆ ನೀರು ಕುಡಿಸ್ದೆ ಅಂತ" ಎಂದು ಗಹಗಹಿಸಿದ. ನಾನು ಮೇಜಿನ ಕೆಳಗೆ ಬಿದ್ದಿರದ ಪೆನ್ನನ್ನು ಹುಡುಕತೊಡಗಿದೆ. ಗವಿಸಿದ್ದಯ್ಯನವರು ಆತನ ಎಡಭಾಗಕ್ಕೆ ಬಂದು ಬಗ್ಗಿ, ಕೌಂಟರು ಎಲ್ಲಿರುತ್ತದೆ, ಯಾವ ಹೊತ್ತಿಗೆ ಜನ ಕಡಿಮೆ, ಏನೆಂದು ಕೇಳಬೇಕು ಎಲ್ಲವನ್ನೂ ತಾಳ್ಮೆಯಿಂದ ವಿವರಿಸಿದರು. ಆಮೇಲೆ, ಇನ್ನೂ ತಗ್ಗಿದ ದನಿಯಲ್ಲಿ, "ಒಂದೇ ಒಂದು ಸಾರ್. ಬಡಿಸಿದವನ ಹೆಸರು ಮಾತ್ರ ಹೇಳ್ಬೇಡಿ" ಎಂದರು.

"ಹೆಸರು ಯಾವನ್ ಕೇಳ್ತಾನೆ ಬುಡಿ" ಎಂದ ಬೋರಲಿಂಗಯ್ಯ.

ಲೋಕದಲ್ಲಿ ಇಂಥವರು ಗವಿಸಿದ್ದಯ್ಯನವರೊಬ್ಬರೇ ಅಲ್ಲವೆಂದು ನನಗೆ ಈಚೆಗೆ ತೋರುತ್ತಿದೆ. ಆಸ್ಪತ್ರೆಯಲ್ಲಿ, ಛತ್ರದಲ್ಲಿ, ಸಿರಿವಂತರ ಮನೆಗಳಲ್ಲಿ ಬೇರೆಯವರ ತೃಪ್ತಿಯನ್ನೇ ತಮ್ಮ ಕೂಳಾಗಿ ಮಾಡಿಕೊಂಡ ಜನ. ಉಪಚಾರಕ್ಕೆ ದೇಶದೇಶದಲ್ಲಿ ಕಟ್ಟಿದ ಬೆಲೆಯನ್ನು ಅವರು ಬಲ್ಲರು. ಬೆಲೆ ಕಟ್ಟದ ಒಂದು ತುತ್ತು ಎದುರಾದರೆ ಮಾತ್ರ ದಿಕ್ಕುಗೆಟ್ಟು, ಅದನ್ನು ಉಳಿಸಲು ಉಳಿದುದೆಲ್ಲವನ್ನೂ ತೆತ್ತುಬಿಡುತ್ತಾರೆ. ಅದರಿಂದ ಅವರಿಗಾಗಲಿ, ಅವರ ಮಕ್ಕಳಿಗಾಗಲಿ, ಲೋಕಕ್ಕಾಗಲಿ ಏನೂ ಒಳಿತಾದುದನ್ನು ನಾನು ಕಂಡಿಲ್ಲ. ದುಷ್ಟರಿಂದ ಹಾಳಾದವರಿಗೆ ಕಡೆಯಪಕ್ಷ ಶಾಪ ಹಾಕಲು ಒಂದು ಮುಖವಿರುತ್ತದೆ. ಇವರನ್ನು ಕೆಡಿಸಿದವರೆಲ್ಲ ಪ್ರೀತಿಸಿದವರು. ಆದ್ದರಿಂದ ಅತ್ತುಕೊಳ್ಳಬೇಕಾದಾಗಲೂ ಇವರಿಗೆ ಬೈಯಲು ಒಬ್ಬರೂ ಸಿಕ್ಕುವುದಿಲ್ಲ.